ಗಾಳಿಯ ಧಾರೆಯ ಗುಣ ತಿಳಿದ ಹೆನ್ರಿ ಕೊವಾಂಡಾ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದಾಗ ಸಂತೋಷವೂ ಆಯಿತು, ಅಳುಕೂ ಆಯಿತು. ಸರ್ ಸಿ.ವಿ. ರಾಮನ್, ಸರ್ ಎಂ. ವಿಶ್ವೇಶ್ವರಯ್ಯನವರಂಥ ಮಹನೀಯರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು ಈ ಶಾಲೆಯಲ್ಲೇ ಇದ್ದಾರೆ. ಹಾಗಾಗಿ ನಮ್ಮೂರಿನಲ್ಲಿ ಹೆಚ್ಚಿನವರು ಹೆಸರು ಕೇಳಿರದ, ಆದರೆ ವಿಮಾನ ವಿಜ್ಞಾನ ಓದಿದವರೆಲ್ಲರಿಗೂ ಗೊತ್ತಿರುವ ಒಬ್ಬರನ್ನು ಆರಿಸಿಕೊಂಡೆ. ಅವರು ರುಮೇನಿಯಾ ದೇಶದ ಹೆನ್ರಿ ಕೊವಾಂಡಾ. ತೀರಿಕೊಂಡು ಐವತ್ತು ವರ್ಷಗಳ ಮೇಲಾಯಿತು. ಅವರನ್ನೇ ಆರಿಸಲು ನನ್ನದೇ ಒಂದು ಕಾರಣವಿದೆ. ಅದು ಇದೇ ಶಾಲೆಯ ಪ್ರಯೋಗಾಲಯದಲ್ಲಿ ನಾನು ಮಾಡಿದ ಒಂದು ತಪ್ಪಿಗೆ ಸಂಬಂಧಿಸಿದ್ದು. ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಒಲೆಯಿಂದ ಶುರು ಮಾಡೋಣ. ನಾನು ಚಿಕ್ಕವನಿದ್ದಾಗ ಅಜ್ಜಿ ಊದುಗೊಳವೆ ಹಿಡಿದು ಸೌದೆ ಒಲೆ ಊದುತ್ತಿದ್ದಳು. ಹಿತ್ತಲ ಬಾಗಿಲು ತೆರೆದಿದ್ದು ಗಾಳಿ ಎದುರಿನಿಂದ ಬೀಸುತ್ತಿದ್ದರೆ, ಊದಿದ ಉಸಿರು ನೆಲ ಹಿಡಿದು ಸ್ವಲ್ಪ ದೂರ ಹೋಗಿ, ಅಲ್ಲೇ ನಿಂತು, ಮೇಲಕ್ಕೆದ್ದು, ಬೂದಿಯನ್ನೂ ಹೊತ್ತುಕೊಂಡು ಅವಳ ಮುಖಕ್ಕೇ ವಾಪಸ್ಸು ಬರುತ್ತಿತ್ತು. ಜೋರಾಗಿ ಊದಿದರೆ ಕೆಂಡದವರೆಗೆ ಮುಟ್ಟುತ್ತಿತ್ತು, ಮೆಲ್ಲಗೆ ಊದಿದರೆ ಅರ್ಧ ದಾರಿಯಲ್ಲೇ ತಿರುಗುತ್ತಿತ್ತು. ಅಜ್ಜಿ ಕಣ್ಣುಜ್ಜಿಕೊಂಡು ಬಾಗಿಲು ಮುಚ್ಚು ಎಂದು ನನ್ನನ್ನು ಗದರುತ್ತಿದ್ದಳು. ನೆಲಕ್ಕೆ ಅಂಟಿ ಹರಿಯುವ ಗಾಳಿಯ ಧಾರೆ ಎದುರು ಗಾಳಿಗೆ ಸಿಕ್ಕಾಗ ಏನಾಗುತ್ತದೆ ಎಂಬ ಪಾಠ ಅಲ್ಲಿಯೇ ಇತ್ತು. ನನಗೆ ಗೊತ್ತಾಗಲು ಬಿ.ಇ. ಓದಬೇಕಾಯಿತು.

ಇನ್ನೊಂದು ಪಾಠವನ್ನು ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ತೋರಿಸಿದ್ದರು. ಮೇಜಿನ ಮೇಲೆ ಒಂದು ದುಂಡನೆಯ ಬಾಟಲಿ, ಅದರ ಹಿಂದೆ ಉರಿಯುವ ಮೇಣದಬತ್ತಿ. ಬಾಟಲಿಯ ಈ ಕಡೆಯಿಂದ ಊದಿದರೆ ಆ ಕಡೆಯ ದೀಪ ಆರಿಹೋಯಿತು. ಬಾಟಲಿಯ ಬದಲು ಅಷ್ಟೇ ಅಗಲದ ರಟ್ಟಿನ ಪೆಟ್ಟಿಗೆ ಇಟ್ಟು ಊದಿದರೆ ದೀಪ ಆರಲಿಲ್ಲ. ದುಂಡು ಮೈಯನ್ನು ಗಾಳಿ ತಬ್ಬಿಕೊಂಡು ಹೋಗುತ್ತದೆ, ಚೂಪು ಮೂಲೆಯಲ್ಲಿ ಬಿಟ್ಟುಹೋಗುತ್ತದೆ ಎಂದಷ್ಟೇ ಮೇಷ್ಟ್ರು ವಿವರಿಸಿದ್ದರು. ಇದಕ್ಕೆ ಕೊವಾಂಡಾ ಪರಿಣಾಮ ಎಂಬ ಹೆಸರಿದೆ ಎಂದು ನಾನು ಕೇಳಿದ್ದು ಕಾಲೇಜಿನಲ್ಲಿ.

ಹೆನ್ರಿ ಕೊವಾಂಡಾ ಹುಟ್ಟಿದ್ದು 1886ರ ಜೂನ್ 7ರಂದು, ರುಮೇನಿಯಾದ ರಾಜಧಾನಿ ಬುಖಾರೆಸ್ಟ್‌ನಲ್ಲಿ. ತಂದೆ ಕಾನ್‌ಸ್ಟಾಂಟಿನ್ ಕೊವಾಂಡಾ ಫಿರಂಗಿ ದಳದ ಸೇನಾಧಿಕಾರಿ, ಜೊತೆಗೆ ಗಣಿತದ ಅಧ್ಯಾಪಕರು. 1918ರಲ್ಲಿ ಕೆಲವು ವಾರಗಳ ಕಾಲ ದೇಶದ ಪ್ರಧಾನಿಯೂ ಆಗಿದ್ದರು. ತಾಯಿ ಫ್ರಾನ್ಸಿನವರು, ವೈದ್ಯರೊಬ್ಬರ ಮಗಳು. ಮಗನೂ ತನ್ನಂತೆ ಸೈನ್ಯ ಸೇರಲಿ ಎಂಬುದು ತಂದೆಯ ಆಸೆ. ಅದರಂತೆ ಹುಡುಗ ಯಾಶ್ ನಗರದ ಸೈನಿಕ ಪ್ರೌಢಶಾಲೆಯಲ್ಲಿ ಓದಿ, ಫಿರಂಗಿ ದಳದ ತರಬೇತಿಯನ್ನೂ ಪಡೆದರು. ಆದರೆ ಮನಸ್ಸೆಲ್ಲ ಯಂತ್ರಗಳ ಮೇಲೆ, ಅದರಲ್ಲೂ ಹಾರುವ ಯಂತ್ರಗಳ ಮೇಲೆ. ಜರ್ಮನಿಯಲ್ಲಿ, ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಎಂಜಿನಿಯರಿಂಗ್ ಓದಿದರು. 1909ರಲ್ಲಿ ಪ್ಯಾರಿಸ್ಸಿನಲ್ಲಿ ವಿಮಾನ ನಿರ್ಮಾಣ ಕಲಿಸುವ ಹೊಸ ಎಂಜಿನಿಯರಿಂಗ್ ಶಾಲೆ ಆರಂಭವಾದಾಗ ಅದರ ಮೊದಲ ತಂಡದಲ್ಲೇ ಸೇರಿ 1910ರಲ್ಲಿ ಪದವಿ ಪಡೆದರು. ರೈಟ್ ಸಹೋದರರು ಮೊದಲ ಬಾರಿ ಹಾರಿ ಆಗ ಏಳು ವರ್ಷವೂ ತುಂಬಿರಲಿಲ್ಲ.

ಅದೇ 1910ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ವಿಮಾನ ಪ್ರದರ್ಶನದಲ್ಲಿ ಇಪ್ಪತ್ನಾಲ್ಕು ವರ್ಷದ ಈ ತರುಣ ತಮ್ಮದೇ ವಿಮಾನವೊಂದನ್ನು ತಂದಿಟ್ಟರು. ಸುತ್ತಲಿನ ವಿಮಾನಗಳಿಗೆಲ್ಲ ಪ್ರೊಪೆಲ್ಲರ್ ಇತ್ತು, ಇದಕ್ಕೆ ಇರಲಿಲ್ಲ. ಮೂಗಿನ ಜಾಗದಲ್ಲಿ ಒಂದು ಕವಚ, ಅದರೊಳಗೆ ಜೋರಾಗಿ ತಿರುಗುವ ಫ್ಯಾನು, ಅದನ್ನು ತಿರುಗಿಸಲು 50 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಫ್ಯಾನು ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಧಾರೆಯಾಗಿ ಬಿಡಬೇಕು, ಅದರ ತಳ್ಳುವಿಕೆಯಿಂದ ವಿಮಾನ ಮುಂದೆ ಸಾಗಬೇಕು. ಇದು ಅವರ ಕಲ್ಪನೆ. ಈ ಯಂತ್ರಕ್ಕೆ ಅವರು ಪೇಟೆಂಟ್ ಅರ್ಜಿಯನ್ನೂ ಸಲ್ಲಿಸಿದರು. ಇಷ್ಟು ದಾಖಲೆಯಲ್ಲಿದೆ, ಇದರ ಬಗ್ಗೆ ಯಾರ ತಕರಾರೂ ಇಲ್ಲ.

ಮುಂದಿನ ವರ್ಷಗಳಲ್ಲಿ ಅವರು ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿಯಲ್ಲಿ ವಿಮಾನಗಳ ವಿನ್ಯಾಸಕಾರರಾಗಿ ದುಡಿದರು. ಅಲ್ಲಿ ಅವರು ರೂಪಿಸಿದ ಒಂಟಿ ರೆಕ್ಕೆಜೋಡಿಯ ವಿಮಾನಗಳು ಹಾರಿದವು, ಹೆಸರನ್ನೂ ತಂದವು. ಕಷ್ಟವೂ ಬಂತು. 1912ರ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡ್ ಬಳಿ ಅಂಥ ಒಂದು ವಿಮಾನ ಬಿದ್ದು ಇಬ್ಬರು ತರುಣ ಸೇನಾಧಿಕಾರಿಗಳು ತೀರಿಕೊಂಡರು. ಹಾರುತ್ತಿರುವಾಗಲೇ ಒಂದು ಕೊಂಡಿ ಕಳಚಿ, ಪಟ್ಟಿಯೊಂದು ರೆಕ್ಕೆಯ ಬಟ್ಟೆಯನ್ನು ಹರಿದಿತ್ತು. ಆ ಸಮಯದಲ್ಲಿ ಬ್ರಿಟನ್ನಿನ ಸೈನ್ಯ ಒಂಟಿ ರೆಕ್ಕೆಜೋಡಿಯ ವಿಮಾನಗಳ ಬಳಕೆಯನ್ನೇ ಕೆಲಕಾಲ ನಿಲ್ಲಿಸಿತು. ಒಂದು ಸಣ್ಣ ಕೊಂಡಿಯ ಬೆಲೆ ಎಷ್ಟಿರುತ್ತದೆ ಎಂದು ಎಂಜಿನಿಯರುಗಳಾದ ನಾವು ಇಂಥ ಘಟನೆಗಳಿಂದ ಕಲಿಯುತ್ತೇವೆ. ಮೊದಲ ಮಹಾಯುದ್ಧ ಆರಂಭವಾದಾಗ ಕೊವಾಂಡಾ ಫ್ರಾನ್ಸಿಗೆ ಮರಳಿದರು. ಮುಂದಿನ ಬದುಕಿನ ಹೆಚ್ಚು ಭಾಗ ಅಲ್ಲೇ ಕಳೆಯಿತು.

ಅವರ ಹೆಸರು ಉಳಿದದ್ದು 1934ರ ಕೆಲಸದಿಂದ. ಆ ವರ್ಷ ಫ್ರಾನ್ಸಿನಲ್ಲಿ, 1936ರಲ್ಲಿ ಅಮೆರಿಕದಲ್ಲಿ, ಗಾಳಿಯ ಧಾರೆಯನ್ನು ಪಕ್ಕದ ಮೇಲ್ಮೈಯ ಸಹಾಯದಿಂದ ತಿರುಗಿಸುವ ವಿಧಾನಕ್ಕೆ ಅವರಿಗೆ ಪೇಟೆಂಟ್ ಸಿಕ್ಕಿತು. ತತ್ವ ಸರಳವಾದದ್ದು. ಕಿರಿದಾದ ಸೀಳಿನಿಂದ ಜೋರಾಗಿ ಹೊರಬರುವ ಗಾಳಿ ಸುಮ್ಮನೆ ಒಂಟಿಯಾಗಿ ಹೋಗುವುದಿಲ್ಲ. ಜಾತ್ರೆಯ ನೂಕುನುಗ್ಗಲಿನಲ್ಲಿ ಓಡುವವನು ಅಕ್ಕಪಕ್ಕದವರನ್ನೂ ಎಳೆದುಕೊಂಡು ಹೋಗುವಂತೆ ಅದು ಸುತ್ತಲಿನ ನಿಂತ ಗಾಳಿಯನ್ನೂ ಎಳೆದೊಯ್ಯುತ್ತದೆ. ಬಯಲಿನ ಕಡೆ ಖಾಲಿಯಾದ ಜಾಗಕ್ಕೆ ಬೇರೆ ಗಾಳಿ ಬಂದು ತುಂಬುತ್ತದೆ. ಗೋಡೆಯಿರುವ ಕಡೆ ತುಂಬಲು ಗಾಳಿ ಸಾಲುವುದಿಲ್ಲ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಆಗ ಹೊರಗಿನ ಒತ್ತಡ ಧಾರೆಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಗೋಡೆ ನಿಧಾನವಾಗಿ ಬಾಗಿದರೆ ಧಾರೆಯೂ ಬಾಗುತ್ತದೆ. ನಮ್ಮ ಮೇಷ್ಟ್ರ ಬಾಟಲಿಯ ಹಿಂದಿನ ದೀಪ ಆರಿದ್ದು ಹೀಗೆ.

ನಲ್ಲಿಯ ನೀರಿಗೆ ಚಮಚದ ಬೆನ್ನು ತಾಗಿಸಿದಾಗ ನೀರು ಚಮಚದ ಕಡೆ ತಿರುಗುವುದನ್ನೂ ಈ ಪರಿಣಾಮದ ಉದಾಹರಣೆಯಾಗಿ ತೋರಿಸುವುದುಂಟು. ವಿದ್ಯಾರ್ಥಿಗಳು ಒಂದು ಮಾತು ಗಮನಿಸಬೇಕು. ಅಲ್ಲಿ ನೀರಿನ ಮೇಲ್ಮೈ ಎಳೆತದ ಕೈವಾಡವೂ ಇದೆ. ಗಾಳಿಯೊಳಗೆ ಗಾಳಿ ಹರಿಯುವಾಗ ಆ ಎಳೆತ ಇರುವುದಿಲ್ಲ. ಆದ್ದರಿಂದ ಬಾಟಲಿ ಮತ್ತು ದೀಪದ ಪ್ರಯೋಗವೇ ಹೆಚ್ಚು ಸರಿಯಾದದ್ದು.

ಈ ಗುಣವನ್ನು ಗುರುತಿಸಿದವರಲ್ಲಿ ಕೊವಾಂಡಾ ಮೊದಲಿಗರಲ್ಲ. 1800ರಲ್ಲೇ ಇಂಗ್ಲೆಂಡಿನ ಥಾಮಸ್ ಯಂಗ್, ಊದುಗೊಳವೆಯಿಂದ ಬರುವ ಗಾಳಿಯ ಕಡೆಗೆ ದೀಪದ ಜ್ವಾಲೆ ವಾಲುವುದನ್ನು ಕಂಡು, ಧಾರೆ ಪಕ್ಕದ ವಸ್ತುವಿನ ಕಡೆ ಬಾಗುವುದಕ್ಕೂ ಅದೇ ಕಾರಣವಿರಬೇಕೆಂದು ಬರೆದಿದ್ದರು. ಕಂಡದ್ದನ್ನು ಕೆಲಸಕ್ಕೆ ಬರುವ ಸಾಧನವಾಗಿಸುವ ದಾರಿ ತೋರಿದ್ದು ಕೊವಾಂಡಾ. ಹಾಗಾಗಿ ಹೆಸರು ಅವರದೇ ಉಳಿಯಿತು.

ಈಗ ಅಜ್ಜಿಯ ಒಲೆಗೆ ಬರೋಣ. ಮೇಲ್ಮೈಗೆ ಅಂಟಿದ ಧಾರೆಗೆ ಎದುರಿನಿಂದ ಗಾಳಿ ಬಂದರೆ ಏನಾಗುತ್ತದೆ? ಧಾರೆಯಲ್ಲೂ ನೆಲಕ್ಕೆ ತೀರ ಹತ್ತಿರದ ಪದರ ನೆಲದ ತಿಕ್ಕಾಟದಿಂದ ಮೊದಲೇ ನಿಧಾನವಾಗಿರುತ್ತದೆ. ಎದುರು ಗಾಳಿಯ ಒತ್ತಡಕ್ಕೆ ಆ ಪದರ ಮೊದಲು ಸೋತು ನಿಲ್ಲುತ್ತದೆ. ಅದು ನಿಂತ ಜಾಗದಲ್ಲಿ ಇಡೀ ಧಾರೆ ನೆಲ ಬಿಟ್ಟು ಮೇಲೇಳುತ್ತದೆ, ಸುರುಳಿ ಸುತ್ತಿ ಬಂದ ದಾರಿಗೇ ಹಿಂತಿರುಗುತ್ತದೆ. ಧಾರೆಯ ವೇಗ ಎದುರು ಗಾಳಿಯ ವೇಗಕ್ಕಿಂತ ಎಷ್ಟು ಪಟ್ಟು ಹೆಚ್ಚೋ ಅದಕ್ಕೆ ತಕ್ಕಂತೆ ಅದು ಮುಂದೆ ನುಗ್ಗುವ ದೂರ ಹೆಚ್ಚುತ್ತದೆ. ಆ ನಿಲುಗಡೆಯ ಜಾಗವೂ ಒಂದೇ ಕಡೆ ಇರುವುದಿಲ್ಲ, ಹಿಂದೆ ಮುಂದೆ ಓಲಾಡುತ್ತಿರುತ್ತದೆ.

ಇದು ಒಲೆಯ ಮಾತಷ್ಟೇ ಅಲ್ಲ. ಜೆಟ್ ವಿಮಾನ ಇಳಿದ ಕೂಡಲೇ ಜೋರಾಗಿ ಮೊರೆಯುವ ಸದ್ದನ್ನು ವಿಮಾನ ಹತ್ತಿದವರು ಕೇಳಿರುತ್ತೀರಿ. ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಹಿಂದಕ್ಕೆ ಬಿಡದೆ ಮುಂದಕ್ಕೆ ತಿರುಗಿಸುತ್ತಾರೆ. ಆ ಧಾರೆಯ ಒಂದಿಷ್ಟು ಭಾಗ ರನ್‌ವೇ ನೆಲ ಹಿಡಿದು, ಎದುರು ಗಾಳಿಯನ್ನು ತಳ್ಳಿಕೊಂಡು ಮುಂದೆ ಓಡುತ್ತದೆ. ವಿಮಾನ ವೇಗವಾಗಿರುವಾಗ ಎದುರು ಗಾಳಿಯೂ ಬಲವಾಗಿದ್ದು ಧಾರೆಯನ್ನು ಹಿಂದಕ್ಕೆ ಒಯ್ಯುತ್ತದೆ. ವಿಮಾನ ನಿಧಾನವಾದಂತೆ ಎದುರು ಗಾಳಿ ಸೊರಗುತ್ತದೆ, ಧಾರೆ ಎಂಜಿನ್ನಿನ ಬಾಯಿಯನ್ನೂ ದಾಟಿ ಮುಂದೆ ಹೋಗುತ್ತದೆ. ಆಗ ಎಂಜಿನ್ ತಾನೇ ಬಿಟ್ಟ ಬಿಸಿ ಗಾಳಿಯನ್ನೂ ನೆಲದ ಧೂಳು, ಕಲ್ಲಿನ ಚೂರನ್ನೂ ಒಳಗೆಳೆದುಕೊಳ್ಳುವ ಅಪಾಯವಿದೆ. ಅದಕ್ಕಾಗಿಯೇ ಹಲವು ವಿಮಾನಗಳಲ್ಲಿ ವೇಗ ಗಂಟೆಗೆ ಸುಮಾರು 110 ಕಿ.ಮೀ.ಗೆ ಇಳಿಯುವ ಹೊತ್ತಿಗೆ ಪೈಲಟ್‌ಗಳು ಈ ಹಿಮ್ಮುಖ ತಳ್ಳುವಿಕೆಯನ್ನು ತಗ್ಗಿಸಿಬಿಡುತ್ತಾರೆ. ಅಜ್ಜಿಯ ಮುಖಕ್ಕೆ ಬೂದಿ ಬಂದದ್ದೂ ಎಂಜಿನ್ನಿಗೆ ಧೂಳು ಬರುವುದೂ ಒಂದೇ ಬಗೆಯ ಸಂಗತಿ.

ಕೊವಾಂಡಾ ಪರಿಣಾಮವನ್ನು ನಂಬಿ ಕಟ್ಟಿದ ಯಂತ್ರಗಳೆಲ್ಲ ಗೆದ್ದವು ಎಂದೇನೂ ಇಲ್ಲ. ಕೆನಡಾದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಟ್ಟೆಯಾಕಾರದ ಅವ್ರೋಕಾರ್ ಎಂಬ ವಿಮಾನ ಕಟ್ಟಿದರು. 1959ರಲ್ಲಿ ಅದು ನೆಲ ಬಿಟ್ಟೆದ್ದಿತು. ಆದರೆ ನೆಲದಿಂದ ಸುಮಾರು ಒಂದು ಮೀಟರ್ ಮೇಲೆ ಹೋದರೆ ತೂರಾಡುತ್ತಿತ್ತು. 1961ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಗೆದ್ದವೂ ಇವೆ. 1976ರಲ್ಲಿ ಹಾರಿದ ಬೋಯಿಂಗ್ ವೈಸಿ-14, ಮರುವರ್ಷ ಹಾರಿದ ಸೋವಿಯತ್ ದೇಶದ ಆಂಟೊನೊವ್ ಎಎನ್-72, ಇವೆರಡರಲ್ಲೂ ಎಂಜಿನ್ನುಗಳು ರೆಕ್ಕೆಯ ಮೇಲ್ಭಾಗದಲ್ಲಿವೆ. ಎಂಜಿನ್ನಿನ ಧಾರೆ ರೆಕ್ಕೆಯ ಬೆನ್ನಿಗೆ ಅಂಟಿ, ಹಿಂದಿನ ಬಾಗಿದ ಪಟ್ಟಿಯ ಜೊತೆ ಕೆಳಕ್ಕೆ ತಿರುಗಿ ವಿಮಾನವನ್ನು ಮೇಲೆತ್ತುತ್ತದೆ. ಹಾಗಾಗಿ ಚಿಕ್ಕ ರನ್‌ವೇ ಸಾಕು. ಬಾಲದಲ್ಲಿ ಫ್ಯಾನೇ ಇಲ್ಲದ ಒಂದು ಬಗೆಯ ಹೆಲಿಕಾಪ್ಟರ್ ಕೂಡ ಬಾಲದ ಉದ್ದಕ್ಕೂ ಸೀಳಿನಿಂದ ಗಾಳಿ ಬಿಟ್ಟು ಇದೇ ಗುಣದಿಂದ ನೆಟ್ಟಗೆ ನಿಲ್ಲುತ್ತದೆ.

ಈ ವಿಷಯಕ್ಕೆ ನಮ್ಮ ನಾಡಿನ ಕೊಡುಗೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರೊದ್ದಂ ನರಸಿಂಹ ಅವರು ಇಬ್ಬರು ಸಂಗಡಿಗರೊಂದಿಗೆ, ನಿಂತ ಗಾಳಿಯಲ್ಲಿ ಗೋಡೆ ಹಿಡಿದು ಹರಿಯುವ ಧಾರೆಯ ಬಗ್ಗೆ 1973ರಲ್ಲಿ ಪ್ರಕಟಿಸಿದ ಲೇಖನವನ್ನು ಇಂದಿಗೂ ಸಂಶೋಧಕರು ನೆನೆಯುತ್ತಾರೆ. ಧಾರೆ ಸಾಕಷ್ಟು ದೂರ ಸಾಗಿದ ಮೇಲೆ ಅದು ಹೊರಟ ಸೀಳು ಎಷ್ಟು ಅಗಲವಿತ್ತು ಎಂಬುದು ಮುಖ್ಯವಾಗುವುದಿಲ್ಲ, ಅದು ಹೊತ್ತು ತಂದ ಆವೇಗವೇ ಮುಖ್ಯ ಎಂಬುದು ಅದರ ತಿರುಳು. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಗಾಳಿಯ ಹರಿವನ್ನು ಲೆಕ್ಕ ಹಾಕುವಂಥದ್ದು. ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಯಾರೋ ಪ್ರಯೋಗಾಲಯದಲ್ಲಿ ಪ್ರಾಮಾಣಿಕವಾಗಿ ಅಳೆದು ಬರೆದಿಟ್ಟ ಅಂಕಿಗಳೇ ನಮಗೆ ಆಧಾರ. ಆ ಅಂಕಿಗಳೇ ಸುಳ್ಳಾದರೆ ನಮ್ಮ ಲೆಕ್ಕವೆಲ್ಲ ನೀರಿನ ಮೇಲಿನ ಹೋಮ.

ಇಲ್ಲಿಂದ ಕೊವಾಂಡಾ ಅವರ ಜೀವನದ ಕಷ್ಟದ ಭಾಗಕ್ಕೆ ಬರಬೇಕು. 1939ರ ಆಗಸ್ಟ್‌ನಲ್ಲಿ ಜರ್ಮನಿಯ ಹೈಂಕೆಲ್ ವಿಮಾನ ಜೆಟ್ ಎಂಜಿನ್ನಿನಿಂದ ಹಾರಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಜೆಟ್ ಯುಗ ಬಂದೇಬಿಟ್ಟಿತ್ತು. 1950ರ ದಶಕದಲ್ಲಿ, ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ, ಕೊವಾಂಡಾ ಒಂದು ಹೊಸ ಸಂಗತಿ ಹೇಳತೊಡಗಿದರು. ತಮ್ಮ 1910ರ ವಿಮಾನದಲ್ಲಿ ಗಾಳಿಯ ಧಾರೆಗೆ ಇಂಧನ ಬೆರೆಸಿ ಉರಿಸಿದ್ದೆ, ಆ ವರ್ಷದ ಡಿಸೆಂಬರ್‌ನಲ್ಲಿ ಪ್ಯಾರಿಸ್ ಹತ್ತಿರದ ಮೈದಾನದಲ್ಲಿ ಪರೀಕ್ಷೆ ಮಾಡುವಾಗ ಅದು ತಾನಾಗಿ ನೆಲ ಬಿಟ್ಟಿತು, ಜ್ವಾಲೆ ವಿಮಾನದ ಮೈಗೆ ಅಂಟಿ ಹರಿಯಿತು, ವಿಮಾನ ಬಿದ್ದು ಸುಟ್ಟುಹೋಯಿತು, ತಾನು ಹೊರಗೆ ಎಸೆಯಲ್ಪಟ್ಟು ಬದುಕಿಕೊಂಡೆ ಎಂಬುದು ಅವರ ಕಥನ. ಅಂದರೆ ಜಗತ್ತಿನ ಮೊದಲ ಜೆಟ್ ವಿಮಾನ ತಮ್ಮದು, ಅಂಟಿಕೊಳ್ಳುವ ಧಾರೆಯ ಗುಣ ಮೊದಲು ಕಣ್ಣಿಗೆ ಬಿದ್ದದ್ದೂ ಅಂದೇ ಎಂದಾಯಿತು.

ಬ್ರಿಟನ್ನಿನ ವಿಮಾನ ಇತಿಹಾಸಕಾರ ಚಾರ್ಲ್ಸ್ ಗಿಬ್ಸ್-ಸ್ಮಿತ್, ನಂತರ ಅಮೆರಿಕದ ಫ್ರಾಂಕ್ ವಿಂಟರ್ ಹಳೆಯ ಕಾಗದಗಳನ್ನು ಹುಡುಕಿದರು. ಆ ಮೈದಾನದಲ್ಲಿ ಅಂದು ದಿನವೂ ವಿಮಾನಗಳು ಹಾರುತ್ತಿದ್ದವು, ಪತ್ರಿಕೆಗಳು ಚಿಕ್ಕ ಚಿಕ್ಕ ಜಿಗಿತವನ್ನೂ ವರದಿ ಮಾಡುತ್ತಿದ್ದವು. ಕೊವಾಂಡಾ ಹಾರಿದ ಸುದ್ದಿಯೂ ಇಲ್ಲ, ವಿಮಾನ ಸುಟ್ಟ ಸುದ್ದಿಯೂ ಇಲ್ಲ. 1910ರಲ್ಲಿ ಅವರೇ ಸಲ್ಲಿಸಿದ ಪೇಟೆಂಟ್‌ನಲ್ಲಿ ಧಾರೆಗೆ ಇಂಧನ ಬೆರೆಸುವ ಮಾತಿಲ್ಲ. ಹಾಗಾಗಿ ವಿಮಾನ ಇತಿಹಾಸಕಾರರಲ್ಲಿ ಹೆಚ್ಚಿನವರು ಆ ಹಾರಾಟವನ್ನು ಒಪ್ಪುವುದಿಲ್ಲ. ರುಮೇನಿಯಾದಲ್ಲಿ ಇಂದಿಗೂ ಅದನ್ನು ನಂಬುವವರಿದ್ದಾರೆ.

ಅವರು ಬೇಕೆಂದೇ ಹಾಗೆ ಹೇಳಿದರೋ, ನಲವತ್ತು ವರ್ಷಗಳಲ್ಲಿ ನೆನಪೇ ಬೆಳೆದುಬಿಟ್ಟಿತೋ, ತೀರ್ಪು ಕೊಡಲು ನಾನು ಯಾರು? ಆದರೆ ಒಂದು ಮಾತು ಮನಸ್ಸಿಗೆ ನಾಟಿತು. 1934ರಲ್ಲಿ ಆಗಿಂದಾಗಲೇ ಬರೆದು, ಚಿತ್ರ ಬಿಡಿಸಿ, ದಿನಾಂಕ ಹಾಕಿದ ಕೆಲಸ ಇಂದಿಗೂ ಗಟ್ಟಿಯಾಗಿ ನಿಂತಿದೆ. ಬರೆದಿಡದ, ಬಹಳ ಕಾಲದ ನಂತರ ಹೇಳಿದ ಮಾತು ಎದುರು ಗಾಳಿಗೆ ನಿಲ್ಲಲಿಲ್ಲ. ಬೇಸರವೆಂದರೆ, ಅವರಿಗೆ ಆ ಎರಡನೆಯದರ ಅಗತ್ಯವೇ ಇರಲಿಲ್ಲ. ಇದ್ದದ್ದೇ ದೊಡ್ಡದಿತ್ತು.

ಕೊನೆಗಾಲದಲ್ಲಿ ಕೊವಾಂಡಾ ತಾಯ್ನಾಡಿಗೆ ಮರಳಿದರು. ದೇಶ ಗೌರವದಿಂದ ಬರಮಾಡಿಕೊಂಡಿತು, 1970ರಲ್ಲಿ ರುಮೇನಿಯಾದ ಅಕಾಡೆಮಿಯ ಸದಸ್ಯರಾದರು. 1972ರ ನವೆಂಬರ್ 25ರಂದು, 86ನೇ ವಯಸ್ಸಿನಲ್ಲಿ, ಹುಟ್ಟಿದ ಊರಾದ ಬುಖಾರೆಸ್ಟ್‌ನಲ್ಲೇ ತೀರಿಕೊಂಡರು. ಆ ನಗರದ ದೊಡ್ಡ ವಿಮಾನ ನಿಲ್ದಾಣಕ್ಕೆ 2004ರಿಂದ ಅವರ ಹೆಸರಿದೆ.

ಇನ್ನು ನನ್ನ ತಪ್ಪಿನ ವಿಷಯ. ಹತ್ತನೇ ತರಗತಿಯಲ್ಲಿ ಪೀನ ಮಸೂರದ ಸಂಗಮ ದೂರ ಕಂಡುಹಿಡಿಯುವ ಪ್ರಯೋಗವಿತ್ತು. ಅಂದು ನಾನು ಆಟದ ಮೈದಾನದಲ್ಲಿದ್ದೆ. ಮರುದಿನ ಗೆಳೆಯನ ಪುಸ್ತಕ ನೋಡಿ ಎಲ್ಲ ಅಳತೆಯನ್ನೂ ನನ್ನ ರೆಕಾರ್ಡಿಗೆ ಇಳಿಸಿಕೊಂಡೆ. ಸಂಗಮ ದೂರ 10 ಸೆಂ.ಮೀ. ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಮೇಷ್ಟ್ರು ನೋಡಿ ಏನೂ ಬೈಯಲಿಲ್ಲ. ನನ್ನ ಗುಂಪಿಗೆ ಕೊಟ್ಟಿದ್ದ ಮಸೂರವನ್ನು ಕೈಗಿಟ್ಟು, ಕಿಟಕಿಯ ಎದುರಿನ ಗೋಡೆಯ ಹತ್ತಿರ ನಿಲ್ಲಿಸಿದರು. ಹೊರಗಿನ ಹೊಂಗೆ ಮರ ಗೋಡೆಯ ಮೇಲೆ ತಲೆಕೆಳಗಾಗಿ, ಎಲೆ ಎಲೆಯೂ ಕಾಣುವಷ್ಟು ಸ್ಪಷ್ಟವಾಗಿ ಮೂಡಿದ್ದು ಮಸೂರ ಗೋಡೆಯಿಂದ 15 ಸೆಂ.ಮೀ. ದೂರದಲ್ಲಿದ್ದಾಗ. ಗೆಳೆಯನ ಗುಂಪಿನ ಮಸೂರವೇ ಬೇರೆ. ತಪ್ಪು ಅಂಕಿಯನ್ನು ಅಳಿಸಲು ಮೇಷ್ಟ್ರು ಬಿಡಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆಸಿ, ಪಕ್ಕದಲ್ಲಿ ನಿಜವಾದ ಅಳತೆ ಬರೆಸಿ, ಅಂದಿನ ದಿನಾಂಕ ಹಾಕಿಸಿದರು. ಆ ಪುಟ ಇಂದಿಗೂ ನನ್ನ ಹತ್ತಿರ ಇದೆ. ಆಫೀಸಿನಲ್ಲಿ ಒಂದು ಅಂಕಿ ಒಪ್ಪಿಸುವ ಮುಂಚೆ ಇದನ್ನು ನಾನೇ ಅಳೆದೆನೇ ಎಂದು ಕೇಳಿಕೊಳ್ಳುವ ಅಭ್ಯಾಸ ಅಂದು ಬಂದದ್ದು.

ಸುವರ್ಣ ಮಹೋತ್ಸವವೆಂದರೆ ನೆನಪುಗಳ ಹಬ್ಬ. ಶಾಲೆಗೆ ಜಾಗ ಕೊಟ್ಟವರು, ಮೊದಲ ಕೊಠಡಿಗೆ ಕಲ್ಲು ಹೊತ್ತವರು, ಸಂಬಳ ತಡವಾದರೂ ಪಾಠ ನಿಲ್ಲಿಸದ ಗುರುಗಳು, ಇವರೆಲ್ಲರ ಕಥೆ ಈ ಸಂಚಿಕೆಯಲ್ಲಿ ಬರುತ್ತಿದೆ. ಐವತ್ತು ವರ್ಷದ ನೆನಪು ಯಾರದಾದರೂ ಸ್ವಲ್ಪ ಬೆಳೆದಿರುತ್ತದೆ, ನನ್ನದೂ ಅಷ್ಟೆ. ಹಿರಿಯರು ಬದುಕಿರುವಾಗಲೇ ಅವರ ಹತ್ತಿರ ಕೂತು, ಹಳೆಯ ಹಾಜರಿ ಪುಸ್ತಕ, ದಾಖಲಾತಿ ರಿಜಿಸ್ಟರ್ ತೆಗೆದು ನೋಡಿ, ತಾರೀಖು ಸಮೇತ ಬರೆದಿಡೋಣ. ನಮ್ಮ ಶಾಲೆ ಮಾಡಿದ ಕೆಲಸಕ್ಕೆ ಬಣ್ಣ ಹಚ್ಚುವ ಅಗತ್ಯವಿಲ್ಲ, ಇದ್ದದ್ದನ್ನು ಇದ್ದಂತೆ ಬರೆದರೂ ಅದು ದೊಡ್ಡದೇ.

ಅಂದು ಗೆರೆ ಎಳೆಸಿದ ನನ್ನ ಮೇಷ್ಟ್ರಿಗೆ ಈ ಲೇಖನದ ಮೂಲಕ ನಮಸ್ಕಾರಗಳು. ಈಗ ಓದುತ್ತಿರುವ ಮಕ್ಕಳು ಇವತ್ತೇ ಮನೆಯಲ್ಲಿ, ದೊಡ್ಡವರನ್ನು ಪಕ್ಕದಲ್ಲಿಟ್ಟುಕೊಂಡು, ಬಾಟಲಿ ಮತ್ತು ಮೇಣದಬತ್ತಿಯ ಪ್ರಯೋಗ ಮಾಡಿ ನೋಡಿ. ದೀಪ ಆರಿದರೆ ಆರಿತು ಎಂದು ಬರೆಯಿರಿ. ಆರದಿದ್ದರೆ ಆರಲಿಲ್ಲ ಎಂದೇ ಬರೆದು, ಯಾಕೆ ಎಂದು ಮರುದಿನ ನಿಮ್ಮ ಮೇಷ್ಟ್ರನ್ನು ಕೇಳಿ.